ಇಂಚಿಗೆ ನಾಲ್ಕು ಡಾಲರ್

ಬೊಡ್ಡೆ ತೆಗೆಯಲು ನನ್ನ ದರ ಇಂಚಿಗೆ ನಾಲ್ಕು ಡಾಲರ್,
ಅತಿ ಅಗಲದ ಕಡೆ ಹಿಡಿದು, ತೊಗಟೆ ಸೇರಿಸಿ.
ಟೊಲೀಡೊದ ಪೂರ್ವ ದಂಡೆಯಲ್ಲಿ ಇದು ಎಲ್ಲರಿಗೂ ಗೊತ್ತು,
ಗಾಡಿಯ ಬಾಗಿಲ ಮೇಲೂ ಬರೆಸಿದ್ದೇನೆ.

ಆಗೊತಾ ಬೆರ್ತೋಕ್ ಓದಿರಲಿಲ್ಲ. ಓದಿದ್ದರೂ ಒಪ್ಪುವವಳಲ್ಲ.
ಎಪ್ಪತ್ತೊಂಬತ್ತರ ಹೆಂಗಸು, ಕೊರಳಲ್ಲಿ ಹೊಲಿಗೆಯ ಟೇಪು;
ನನ್ನ ಉಕ್ಕಿನ ಟೇಪಿನ ಹಿಂದೆಯೇ ಬಗ್ಗಿ
ಹಿತ್ತಲ ಮೂರೂ ಬೊಡ್ಡೆ ತಾನೂ ಅಳೆದಳು.
ನಡುವಿನದು ನನಗೆ ಇಪ್ಪತ್ತಾರು.
"ತೊಗಟೆಯೇ? ಅದನ್ನು ಹುಳ ತಿಂದಾಗಿದೆ" ಎಂದು
ಉಗುರು ಹಾಕಿ ಎಬ್ಬಿಸಿದಳು,
ಹಪ್ಪಳದಂತೆ ಕಳಚಿ ಬಂತು.
ಮತ್ತೆ ಟೇಪು. ಇಪ್ಪತ್ತನಾಲ್ಕು.

ಆಶ್ ಮರಗಳು ಮೂರೂ.
ಹಸಿರು ಹುಳ ಬಂದ ವರ್ಷ ಬೀದಿಗೆ ಬೀದಿಯೇ ಒಣಗಿತು,
ನನಗೇನೋ ಕೈತುಂಬ ಕೆಲಸ, ಸುಳ್ಳೇಕೆ ಹೇಳಲಿ.
ತೊಗಟೆಯ ಒಳಮೈಯಲ್ಲಿ ಹುಳ ಕೊರೆದ ದಾರಿ
ಅವಸರದಲ್ಲಿ ಗೀಚಿದ ಕಾಗದದ ಹಾಗೆ.
ಅವಳ ಅಡುಗೆಮನೆಯ ಕಿಟಕಿಯಲ್ಲೂ ಅಂಥದೊಂದು ಚೂರು,
ಸಾಬೂನಿನ ಪಕ್ಕ.

ಯಂತ್ರ ಎಡಕ್ಕೆ ಬಲಕ್ಕೆ ತಲೆಯಾಡಿಸುತ್ತ
ಪದರ ಪದರವಾಗಿ ಮೇಯುತ್ತದೆ.
ಮೊದಲನೆಯದು ಮುಗಿಯಲು ಅರ್ಧ ಗಂಟೆ.
ನಡುವಿನದರಲ್ಲಿ ಮೂರು ಬೆರಳು ಇಳಿದಿತ್ತೋ ಇಲ್ಲವೋ,
ಕಿಡಿ.
ಚಕ್ರ ಕಿರುಚಿ ನಿಂತಿತು.
ಎರಡು ಹಲ್ಲು ಮುರಿದಿದ್ದವು, ಒಂದೊಂದಕ್ಕೆ ಮೂವತ್ತು ಡಾಲರ್,
ಮರದ ಹೊಟ್ಟೆಯಲ್ಲಿ ನಾಯಿ ಕಟ್ಟುವ ಸರಪಳಿ,
ನುಂಗಿ, ಮೇಲೆ ಇಪ್ಪತ್ತು ಉಂಗುರ ಬೆಳೆದು ಕೂತಿತ್ತು.

"ಹಲ್ಲಿನ ದುಡ್ಡು ನೀವು ಕೊಡಬೇಕಾಗುತ್ತೆ" ಅಂದೆ.
"ಮೊಳೆ ಹೊಡೆದವನು ಗಾಸ್ಪಾರ್. ಅವನನ್ನು ಕೇಳು."
"ತೀರಿಕೊಂಡರಾ?"
"ಟೂಸಾನಿನಲ್ಲಿದ್ದಾನೆ."
ಇಪ್ಪತ್ತೆರಡು ವರ್ಷ ಮಾತಿಲ್ಲವಂತೆ.
ನಂಬರನ್ನು ಮಾತ್ರ ಒಂದೇ ಉಸಿರಿಗೆ ಹೇಳಿದಳು.

ನನ್ನ ಎಡಗಿವಿ ಈ ಯಂತ್ರಕ್ಕೇ ಸಂದಿದೆ, ಬಲಗಿವಿ ಅರ್ಧ.
ಫೋನನ್ನು ಎಲ್ಲರಿಗೂ ಕೇಳುವ ಹಾಗೆಯೇ ಇಡುವುದು ರೂಢಿ.
"ವರ್ಲಿನ್ ಸ್ಟಕಿ ಅಂತ, ಬೊಡ್ಡೆ ತೆಗೆಯುವವನು.
ನಿಮ್ಮಿಂದ ನನ್ನ ಎರಡು ಹಲ್ಲು ಹೋದವು."
"ನಾನು ಯಾರಿಗೂ ಹೊಡೆದಿಲ್ಲವಲ್ಲ" ಅಂದಿತು ಮುದಿ ದನಿ.
ವಿವರಿಸಿದೆ. ಸರಪಳಿ ಅಂದೆ.
ಆ ಕಡೆ ಟಿವಿಯ ಸದ್ದು ನಿಂತಿತು.

"ನಡುವಿನ ಮರವೇ?"
"ಹೌದು."
"ಬೋದ್ರಿ ಎಷ್ಟು ದಿನ ಇತ್ತು, ಆಮೇಲೆ?"

ತಿರುಗಿ ನೋಡಿದೆ. ಹತ್ತಡಿ ದೂರದಲ್ಲಿ ಆಗೊತಾ
ನಾಲ್ಕು ಬೆರಳು ಎತ್ತಿದಳು,
ಯೋಚಿಸಿ, ಒಂದನ್ನು ಅರ್ಧ ಮಡಚಿದಳು.
"ಮೂರೂವರೆ ವರ್ಷ" ಅಂದೆ ನಾನು.
"ಸಂಜೆ ಗೇಟಿನ ಕಡೆ ಮುಖ ಮಾಡಿ ಮಲಗುತ್ತಿತ್ತೇ?"
ಅದಕ್ಕೆ ಅವಳು ಬೆರಳು ತೋರಿಸಲಿಲ್ಲ.
ಟೇಪನ್ನು ಸುತ್ತುತ್ತ ಸುತ್ತುತ್ತ ಒಳಗೆ ಹೋದಳು.
ಗೊತ್ತಿಲ್ಲ ಅಂದು ಫೋನಿಟ್ಟೆ.

ಹೊಸ ಹಲ್ಲು ಕೂರಿಸಿ ಮುಗಿಸುವಾಗ ನಾಲ್ಕು ಗಂಟೆ.
ಬೊಡ್ಡೆ ಎಷ್ಟಿತ್ತೋ ಅದರ ಎರಡರಷ್ಟು ಹೊಟ್ಟು.
ಯಾವಾಗಲೂ ಹೀಗೆಯೇ, ಗುಂಡಿ ತುಂಬಿ ಮಿಕ್ಕುತ್ತದೆ,
ಒಯ್ಯಲು ಪ್ರತ್ಯೇಕ ಖರ್ಚು.
ಅವಳು ಬಿಸ್ಕತ್ತಿನ ಡಬ್ಬದಿಂದ ನೋಟು ಎಣಿಸಿದಳು.
ಹಲ್ಲಿನ ಅರವತ್ತನ್ನು ಕೇಳದೆಯೇ ಇಟ್ಟಳು.
ಆ ಎರಡು ಇಂಚನ್ನು ಮಾತ್ರ ಕೊಡಲಿಲ್ಲ.

"ಬೇರು?"
"ಬೇರು ತೆಗೆಯುವುದಿಲ್ಲ. ತಾನಾಗಿ ಕೊಳೆಯುತ್ತೆ. ಹತ್ತು ವರ್ಷ ಅನ್ನಿ."
"ಆಗ ನನಗೆ ಎಂಬತ್ತೊಂಬತ್ತು" ಅಂದಳು,
ಯಾವುದೋ ಬಸ್ಸಿನ ಹೊತ್ತು ಹೇಳುವಂತೆ.
ಸರಪಳಿಯ ತುಂಡನ್ನು ಗುಜರಿಗೆ ಹಾಕಲೇ ಅಂದರೆ
ಕೈಚಾಚಿ ಇಸಿದುಕೊಂಡಳು.

ಅಕ್ಟೋಬರಿನಲ್ಲಿ ಮಳೆಯ ಮರುದಿನ ಅದೇ ಬೀದಿಯಲ್ಲಿ ಹಾದೆ.
ಹುಲ್ಲು ಇನ್ನೂ ಹಿಡಿದಿರಲಿಲ್ಲ.
ನಡುವಿನ ಗುಂಡಿಯಿಂದ, ಕೆಳಗಿನ ಬೇರಿನ ಗುಂಟ,
ಅಣಬೆಗಳ ಒಂದು ಸಾಲು
ಗೇಟಿನ ಕಡೆ ಹೊರಟಿತ್ತು.
ಗಾಡಿ ನಿಲ್ಲಿಸಲಿಲ್ಲ.
ಅಣಬೆಗೆ ನನ್ನ ಹತ್ತಿರ ದರವಿಲ್ಲ.